ಶಾಯಿ ಹಚ್ಚದ ಮುಖ

ನನ್ನ ದೊಡ್ಡಪ್ಪ ಇಸಾಬುರೊ ಮರದ ಅಚ್ಚು ಕೆತ್ತುವವರು. ಅದರಲ್ಲೂ ಮುಖ ಕೆತ್ತುವವರು. ಬಟ್ಟೆಯ ಮಡಿಕೆ, ಮೋಡ, ಅಲೆ, ಬೇಲಿ ಇವೆಲ್ಲ ಬೇರೆಯವರ ಕೈಗೆ ಹೋಗುತ್ತಿದ್ದವು. ಮುಖ ಮತ್ತು ತಲೆಗೂದಲು ಮಾತ್ರ ದೊಡ್ಡಪ್ಪನ ಹತ್ತಿರ ಬರುತ್ತಿದ್ದವು. ಹಣೆಯಂಚಿನ ಕೂದಲನ್ನು ಅವರು ಒಂದು ಅಕ್ಕಿಕಾಳಿನ ಉದ್ದದೊಳಗೆ ಹನ್ನೆರಡು ಗೆರೆ ಬರುವಂತೆ ಬಿಡಿಸುತ್ತಿದ್ದರು. ಇದನ್ನು ನಾನು ಎಣಿಸಿ ನೋಡಿದ್ದೇನೆ. ಒಂದು ಸಲ ಮಾತ್ರ ಹನ್ನೊಂದು ಇತ್ತು.

ನಮ್ಮದು ಅಸಾಕುಸಾ ಪೇಟೆಯ ಹಿಂಬದಿಯ ಸಾಲುಮನೆ. ಆರು ಮನೆಗೆ ಒಂದು ಬಾವಿ. ನನ್ನ ಅಪ್ಪ ಅಮ್ಮ ಹೋದ ಮೇಲೆ, ನನಗೆ ಒಂಬತ್ತು ವರ್ಷವಾಗಿದ್ದಾಗ, ದೊಡ್ಡಪ್ಪ ಬಂದು ಇಲ್ಲಿಗೆ ಕರೆತಂದರು. ಮನೆಯಲ್ಲಿ ದೊಡ್ಡಮ್ಮ ಕಿವಾ ಇದ್ದರು, ಅವರ ಒಬ್ಬನೇ ಮಗ ಯೊನೆಜಿ ಅಣ್ಣ ಇದ್ದ. ಕಿಟಕಿಯ ಪಕ್ಕದ ಚಾಪೆ ದೊಡ್ಡಪ್ಪನದು, ಎದುರಿನದು ಅಣ್ಣನದು. ಇಬ್ಬರೂ ಬೆಳಗ್ಗೆ ಕೂತರೆ ಮಧ್ಯಾಹ್ನದ ತೋಫು ಮಾರುವವನ ಕೊಂಬು ಕೇಳಿಸುವ ತನಕ ಏಳುತ್ತಿರಲಿಲ್ಲ.

ಈ ಕೆಲಸದ ಒಂದು ರೀತಿಯನ್ನು ಮೊದಲೇ ಹೇಳಿಬಿಡಬೇಕು. ಚಿತ್ರಕಾರ ತೆಳು ಕಾಗದದ ಮೇಲೆ ಚಿತ್ರ ಬರೆದು ಕೊಡುತ್ತಾನೆ. ಆ ಕಾಗದವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಬೆನ್ನನ್ನು ಒದ್ದೆ ಬೆರಳಿನಿಂದ ತಿಕ್ಕುತ್ತಾರೆ. ಗೆರೆಗಳು ಎಡ ಬಲಕ್ಕೆ, ಬಲ ಎಡಕ್ಕೆ ತಿರುಗಿ ಕಾಣಿಸುತ್ತವೆ. ಆಮೇಲೆ ಚಾಕು, ಗೆರೆ ಎದ್ದು ನಿಲ್ಲುವಂತೆ ಸುತ್ತಲಿನ ಮರ ತೆಗೆಯುತ್ತಾರೆ. ಕೆತ್ತುತ್ತ ಹೋದಂತೆ ಕಾಗದವೆಲ್ಲ ಮರದ ಹುಡಿಯ ಜೊತೆ ಹೋಗುತ್ತದೆ. ಹಲಗೆ ಉಳಿಯುತ್ತದೆ, ಚಿತ್ರಕಾರ ಬರೆದದ್ದು ಉಳಿಯುವುದಿಲ್ಲ.

ರಷ್ಯದ ಮೇಲೆ ಯುದ್ಧ ಶುರುವಾದ ವರ್ಷ ನಮ್ಮ ಗಲ್ಲಿಗೆ ಕೆಲಸ ಬಂದಷ್ಟು ಹಿಂದೆಂದೂ ಬಂದಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮುಂಚೆ ಅರ್ಧ ಗಲ್ಲಿ ಕೈಕಟ್ಟಿ ಕೂತಿತ್ತು. ಜನಕ್ಕೆ ಫೋಟೋ, ಕಲ್ಲಚ್ಚಿನ ಚಿತ್ರ ಇದ್ದರೆ ಸಾಕಿತ್ತು. ಈಗ ನಗೆಚಿತ್ರಗಳು ಬೇಕಾದವು. ಮುಳುಗುವ ಹಡಗಿಗೆ ಜೋತುಬಿದ್ದ ರಷ್ಯದ ದಳಪತಿ, ಬೂಟು ಕಳಚಿಕೊಂಡು ಓಡುವ ಸಿಪಾಯಿಗಳು, ಕರಡಿಯ ಕಾಲಿನ ಮಂತ್ರಿ. ಪ್ರಕಾಶಕರ ಅಂಗಡಿಯ ಗುಮಾಸ್ತ ಬಂಜಿ ದಿನ ಬಿಟ್ಟು ದಿನ ಬರುತ್ತಿದ್ದ.

"ಮಾಸ್ತರೇ, ಮೂಗು ಇನ್ನೂ ದೊಡ್ಡದು ಬೇಕಂತೆ ಯಜಮಾನರಿಗೆ."

"ಬರೆದಿರೋದೇ ಇಷ್ಟು."

"ಹಾಗಾದ್ರೆ ತುದೀನಾದ್ರೂ ದಪ್ಪ ಮಾಡಿ. ಹತ್ತು ಹೆಜ್ಜೆ ದೂರದಿಂದ ನೋಡಿದವನಿಗೂ ನಗು ಬರಬೇಕು."

ದೊಡ್ಡಪ್ಪ ಮೊದಲು ಗೊಣಗಿದರು. ಮೂಗಿನ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುವುದು ಅವರ ಹೆಮ್ಮೆಯಾಗಿತ್ತು. ಆದರೆ ಕೈ ಬೇಗ ಕಲಿಯಿತು. ಬಾಯಿಯ ಮೂಲೆಗೆ ಬಂದಾಗ, ಚಾಕು ಎತ್ತುವ ಮುಂಚೆ ಮಣಿಕಟ್ಟನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದರೆ ಗೆರೆ ಮೇಲಕ್ಕೆ ಸಿಡಿದು ದಪ್ಪಗೆ ನಿಲ್ಲುತ್ತದೆ. ಮುಖ ಹಲ್ಲು ಕಿರಿಯುತ್ತದೆ. ಆ ತಿರುವನ್ನು ಅವರೇ ಕಂಡುಕೊಂಡದ್ದು. ಆ ವರ್ಷ ಅವರು ಕೆತ್ತಿದ ರಷ್ಯದ ಮುಖಗಳು ನೂರಾ ಅರವತ್ತಕ್ಕಿಂತ ಹೆಚ್ಚು, ಕಡಿಮೆಯಂತೂ ಅಲ್ಲ.

ಪಕ್ಕದ ಮನೆಯ ಗೊಹೇ ಅಚ್ಚು ಒತ್ತುವವನು. ದೊಡ್ಡಪ್ಪ ಕೆತ್ತಿದ ಹಲಗೆಗಳು ಅವನ ಕೈಗೇ ಹೋಗುತ್ತಿದ್ದವು. ಹಲಗೆ ಒಯ್ಯಲು ಬಂದಾಗಲೆಲ್ಲ ಅವನು ಏನಾದರೂ ಹೇಳದೆ ಹೋಗುತ್ತಿರಲಿಲ್ಲ.

"ಇಸಾಣ್ಣ, ನೀವು ಹೀಗೇ ಕೆತ್ತಿದ್ರೆ ರಷ್ಯದವರು ನಾಚಿಕೆಗೇ ಊರು ಬಿಡ್ತಾರೆ. ನಮ್ಮ ಸೈನ್ಯಕ್ಕೆ ಕೆಲಸ ಇರಲ್ಲ."

"ಇಲ್ದಿದ್ರೆ ಒಳ್ಳೇದೇ," ಎಂದರು ದೊಡ್ಡಮ್ಮ. "ನಮ್ಮವನು ಮನೇಲೇ ಇರ್ತಾನೆ."

"ಅವನು ಇದ್ದು ಏನ್ ಮಾಡ್ತಾನೆ ಅತ್ತಿಗೆ? ಬರೀ ಬೂಟು ಕೆತ್ತುತಾನೆ."

ಅದು ನಿಜವಾಗಿತ್ತು. ಅಣ್ಣನಿಗೆ ಇನ್ನೂ ಮುಖ ಕೊಡುತ್ತಿರಲಿಲ್ಲ. "ಬೂಟು ನಂದು, ಮೂಗು ಅಪ್ಪಂದು. ರಷ್ಯದವನ ಹೊಟ್ಟೆ ಮಾತ್ರ ಯಾರಿಗೂ ಬೇಡ," ಎಂದು ಅವನು ನಗುತ್ತಿದ್ದ. ನಕ್ಕರೆ ಕೆಳತುಟಿ ಒಂದು ಕಡೆಗೆ ಜಾರುತ್ತಿತ್ತು. ಎಡಗಡೆಗೆ ಎಂದು ನನ್ನ ನೆನಪು. ಈಗ ಅದನ್ನು ಖಂಡಿತವಾಗಿ ಹೇಳಲಾರೆ.

ಬೇಸಿಗೆಯಲ್ಲಿ ಅಣ್ಣನಿಗೆ ಸೈನ್ಯದಿಂದ ಕರೆ ಬಂತು. ಅದೇ ತಿಂಗಳು ನಾನು ಶಾಲೆ ಬಿಟ್ಟೆ, ಅವನ ಚಾಪೆಯ ಕೆಲಸದಲ್ಲಿ ನನ್ನಿಂದಾದಷ್ಟನ್ನು ಮಾಡಲು.

ಹೊರಡುವ ಹುಡುಗರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೊಡ್ಡಮ್ಮ ಅಣ್ಣನ ಸಮವಸ್ತ್ರದ ಗುಂಡಿಗಳನ್ನು ಉಜ್ಜಿ, ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲಬೇಕೆಂದು ಹೇಳಿದ್ದರು. ಅಣ್ಣ ಬಾಗಿಲು ದಾಟುವಾಗ ದೊಡ್ಡಪ್ಪ ಚಾಕು ಕೆಳಗಿಟ್ಟರು.

"ಎಲ್ಲಿಗೆ?"

"ಫೋಟೋಕ್ಕೆ, ಅಪ್ಪ."

"ಮೂವತ್ತು ವರ್ಷ ಮುಖ ಕೆತ್ತಿದವನ ಮಗ ಪೆಟ್ಟಿಗೆ ಮುಂದೆ ಹೋಗಿ ನಿಂತ್ಕೋತಾನಾ?"

"ಎಲ್ಲರೂ ನಿಲ್ತಾರೆ."

"ಎಲ್ಲರ ಅಪ್ಪಂದಿರೂ ಮುಖ ಕೆತ್ತಲ್ಲ. ಆ ಪೆಟ್ಟಿಗೆ ನಮ್ಮ ಗಲ್ಲೀಲಿ ಹತ್ತು ಮನೆ ಒಲೆ ಆರಿಸಿದೆ. ಅದರ ಕೈಗೆ ನಿನ್ನ ಮುಖ ಕೊಡಲ್ಲ ನಾನು."

ಅಣ್ಣ ದೊಡ್ಡಮ್ಮನನ್ನು ನೋಡಿದ. ದೊಡ್ಡಮ್ಮ ನೆಲ ನೋಡಿದರು. ಅವನು ಬೂಟು ಬಿಚ್ಚಿ ಮತ್ತೆ ಒಳಗೆ ಬಂದ.

ಅವತ್ತು ಸಂಜೆ ದೊಡ್ಡಪ್ಪ ಚಿತ್ರಕಾರ ಬೈಸೆಕಿ ಮಾಸ್ತರನ್ನು ಕರೆತಂದರು. ನಗೆಚಿತ್ರಗಳನ್ನೂ ವೀರರ ಚಿತ್ರಗಳನ್ನೂ ಬರೆಯುತ್ತಿದ್ದವರು ಅವರೇ. ಅಣ್ಣನನ್ನು ಕಿಟಕಿಯ ಹತ್ತಿರ ಕೂರಿಸಿ, ಅಚ್ಚಿಗೆ ಬಳಸುವ ತೆಳು ಕಾಗದದ ಮೇಲೆ ಅರ್ಧ ಗಂಟೆಯಲ್ಲಿ ಮುಖ ಬರೆದರು. ಹುಬ್ಬಿನ ಮೇಲಿನ ಚಿಕ್ಕ ಗಾಯದ ಗುರುತು ಕೂಡ ಇತ್ತು. ತುಂಬ ಚೆನ್ನಾಗಿ ಬಂದಿತ್ತು. ಮಾತಾಡಲು ಹೊರಟವನು ಸುಮ್ಮನಾದ ಹಾಗೆ ಇತ್ತು.

"ನಾನು ಬರೋ ಹೊತ್ತಿಗೆ ಕೆತ್ತಿರು, ಅಪ್ಪ," ಎಂದ ಅಣ್ಣ.

"ನೀನು ಬಾ. ಎದುರಿಗೆ ಕೂರಿಸ್ಕೊಂಡು ಹೋಲಿಸಿ ಕೆತ್ತುತೀನಿ."

ಹೊರಡುವ ದಿನ ಅವನು ಒಂದು ಚಿಟಿಕೆ ಕೂದಲು, ಹತ್ತು ಉಗುರಿನ ಚೂರು ಕತ್ತರಿಸಿ ಕಾಗದದಲ್ಲಿ ಸುತ್ತಿ ದೊಡ್ಡಮ್ಮನ ಕೈಗೆ ಕೊಟ್ಟ. ಎಲ್ಲ ಸಿಪಾಯಿಗಳೂ ಕೊಡುತ್ತಾರೆ. ಚಿತ್ರವನ್ನು ದೊಡ್ಡಪ್ಪ ಎರಡು ಹಲಗೆಗಳ ನಡುವೆ ಇಟ್ಟರು.

ಚಳಿ ಶುರುವಾಗುವಾಗ ಒಂದು ಹೊಸ ಚಿತ್ರ ಬಂತು. ರಷ್ಯದ ಮುದುಕಿಯೊಬ್ಬಳಿಗೆ ಮಗ ಸತ್ತ ಕಾಗದ ಬಂದಿದೆ. ಅವಳು ಅತ್ತೂ ಅತ್ತೂ ಕಣ್ಣೀರಿಗೆ ತೊಟ್ಟಿ ಇಟ್ಟಿದ್ದಾಳೆ, ತೊಟ್ಟಿಯಲ್ಲಿ ಬಾತುಕೋಳಿ ಈಜುತ್ತಿದೆ. ಮೇಲೆ ಒಂದು ಪೋಲಿ ಪದ್ಯ. ದೊಡ್ಡಪ್ಪ ಅದನ್ನು ಐದು ದಿನದಲ್ಲಿ ಮುಗಿಸಿದರು. ಮೂಗಿನಿಂದ ಇಳಿಯುವ ಹನಿಯನ್ನು ಕೂದಲೆಳೆಯಷ್ಟು ತೆಳ್ಳಗಿನ ಗೆರೆಯಲ್ಲಿ ತೂಗುಬಿಟ್ಟಿದ್ದರು. ಗೊಹೇ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಡಿಸೆಂಬರಿನಲ್ಲಿ ವಾರ್ಡಿನ ಕಚೇರಿಯಿಂದ ದೊಡ್ಡಮ್ಮನಿಗೆ ಕರೆ ಬಂತು. ದೊಡ್ಡಪ್ಪ ಅಂಗಡಿಗೆ ಹಲಗೆ ಕೊಡಲು ಹೋಗಿದ್ದರು, ನಾನು ದೊಡ್ಡಮ್ಮನ ಜೊತೆ ಹೋದೆ. ಕಚೇರಿಯವರು ಎದ್ದು ನಿಂತು ತಲೆಬಾಗಿದರು. ರಷ್ಯದವರ ಕೈಲಿದ್ದ ರ್ಯೊಜುನ್ ಕೋಟೆಯ ಮುಂದಿನ ಗುಡ್ಡದಲ್ಲಿ, ನವೆಂಬರ್ ಕೊನೆಯ ವಾರ ಎಂದರು. ದೊಡ್ಡಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಗೆ ಸೇರಿಸಿಕೊಂಡರು. "ದೊಡ್ಡ ಉಪಕಾರವಾಯ್ತು," ಎಂದರು. ಆ ಮಾತು ಯಾಕೆ ಬಂತೋ ಗೊತ್ತಿಲ್ಲ, ಕಚೇರಿಯಲ್ಲಿ ಹಾಗೆ ಹೇಳುವುದು ರೂಢಿ.

ವಾಪಸ್ ಬರುವ ದಾರಿಯಲ್ಲಿ ಪ್ರಕಾಶಕರ ಅಂಗಡಿ. ಮುಂದೆ ದಾರ ಕಟ್ಟಿ ಹೊಸ ಚಿತ್ರಗಳನ್ನು ತೂಗುಹಾಕಿದ್ದರು. ನಡುವಿನದು ಮುದುಕಿಯ ಚಿತ್ರ. ಹದಿನೈದು ಇಪ್ಪತ್ತು ಜನ ನಿಂತಿದ್ದರು. ಅಕ್ಕಿ ಹೊರುವವನೊಬ್ಬ ಪದ್ಯವನ್ನು ಅಳುವ ದನಿಯಲ್ಲಿ ಓದುತ್ತಿದ್ದ, ಒಂದೊಂದು ಸಾಲಿಗೂ ಜನ ನಗುತ್ತಿದ್ದರು. ನಾನು ದೊಡ್ಡಮ್ಮನ ತೋಳು ಎಳೆದೆ. ಅವರು ಬರಲಿಲ್ಲ. ಪದ್ಯ ಮುಗಿಯುವ ತನಕ ನಿಂತಿದ್ದರು.

ಮನೆಗೆ ಬಂದರೆ ದೊಡ್ಡಪ್ಪ ಆಗಲೇ ಚಾಪೆಯ ಮೇಲಿದ್ದರು. ದೊಡ್ಡಮ್ಮ ಕಾಗದ ಮುಂದಿಟ್ಟರು. ದೊಡ್ಡಪ್ಪ ಓದಿದರು, ಮತ್ತೆ ಓದಿದರು. ದೊಡ್ಡಮ್ಮ ಕೇಳಿದರು:

"ಆ ಮುದುಕಿ ತೊಟ್ಟಿ, ಬಾತುಕೋಳಿ, ಅದೆಲ್ಲ ಯಾರು ಬರೆದಿದ್ದು?"

"ಬೈಸೆಕಿ."

"ಮೂಗು?"

"ಬರೆದಿದ್ದು ಅವರೇ. ಕೆತ್ತಿದ್ದು ನಾನು."

"ಚೆನ್ನಾಗಿ ಬಂದಿದೆ ರೀ. ಎಲ್ಲರೂ ನಕ್ಕರು."

ಅವರು ಕೋಪದಿಂದ ಹೇಳಲಿಲ್ಲ. ಎದ್ದು ಅಕ್ಕಿ ತೊಳೆಯಲು ಹೋದರು.

ಕೂದಲು, ಉಗುರನ್ನು ಮಣ್ಣು ಮಾಡಿದೆವು. ಬೇರೇನೂ ಬಂದಿರಲಿಲ್ಲ. ನಾಲ್ಕನೇ ದಿನ ಬಂಜಿ ಬಂದು ತಲೆಬಾಗಿ, ಸ್ವಲ್ಪ ಹೊತ್ತು ಕೂತು, ಕೊನೆಗೆ ಹೊಸ ಚಿತ್ರವನ್ನು ಹೊರತೆಗೆದ. ದೊಡ್ಡಪ್ಪ ತೆಗೆದುಕೊಂಡರು. ಬೇಡವೆನ್ನಬಹುದಿತ್ತು ಎಂದು ಗಲ್ಲಿಯಲ್ಲಿ ಕೆಲವರು ಆಮೇಲೆ ಹೇಳಿದರು. ದೊಡ್ಡಪ್ಪ ಬೇಡವೆನ್ನಲಿಲ್ಲ. ಮಾರ್ಚ್ ಮುಗಿಯುವ ತನಕ ಕೆತ್ತಿದರು. ಆ ಮುಖಗಳು ಮುಂಚಿನವಕ್ಕಿಂತ ಚೆನ್ನಾಗಿ ಹಲ್ಲು ಕಿರಿಯುತ್ತಿದ್ದವು.

ಅಣ್ಣನ ಚಿತ್ರವನ್ನು ದೊಡ್ಡಮ್ಮ ಹಲಗೆಗಳ ನಡುವಿನಿಂದ ತೆಗೆದು ಬುದ್ಧನ ಗೂಡಿನಲ್ಲಿ ಇಟ್ಟಿದ್ದರು. ಬೆಳಗ್ಗೆ ಅನ್ನ ಇಟ್ಟಾಗ ಒಂದು ಸಲ, ಸಂಜೆ ಒಂದು ಸಲ ಕೆನ್ನೆ ಮುಟ್ಟುತ್ತಿದ್ದರು. ಆ ಕಾಗದ ಮುಟ್ಟುವುದಕ್ಕೆ ಮಾಡಿದ್ದಲ್ಲ. ಧೂಪದ ಹೊಗೆಗೆ ಕಂದಾಯಿತು. ವಸಂತದಲ್ಲಿ ಒಂದು ಕಿಡಿ ಬಿದ್ದು ಕಿವಿಯ ಹತ್ತಿರ ಎಳ್ಳಿನಷ್ಟು ತೂತಾಯಿತು. ಮಳೆಯ ತಿಂಗಳು ಶುರುವಾದ ಮೇಲೆ ಮೂಲೆಯಲ್ಲಿ ಬೂಷ್ಟು ಕಂಡಿತು.

"ಹೀಗೇ ಬಿಟ್ರೆ ಈ ಮಳೆ ದಾಟಲ್ಲ ಇದು," ಎಂದರು ದೊಡ್ಡಪ್ಪ. "ಮರಕ್ಕೆ ಹಾಕಬೇಕು. ಅವನಿಗೂ ಹೇಳಿದ್ದೆ."

"ಮರಕ್ಕೆ ಹಾಕಿದ್ರೆ ಇದು ಹೋಗುತ್ತೆ."

"ಹೋಗುತ್ತೆ."

"ಇರೋದು ಇದೊಂದೇ ರೀ. ಫೋಟೋ ಇದ್ದಿದ್ರೆ..." ಎಂದವರು ಅಲ್ಲೇ ನಿಲ್ಲಿಸಿದರು. ಅವರು ಆ ಮಾತು ಎತ್ತಿದ್ದು ಅದೊಂದೇ ಸಲ.

ಮೊದಲು ನಕಲು ತೆಗೆಸೋಣ ಎಂದು ಗೊಹೇ ಹೇಳಿದ. ಬೈಸೆಕಿ ಮಾಸ್ತರು ಬಂದು ಚಿತ್ರದ ಮೇಲೆ ಇನ್ನೊಂದು ಕಾಗದ ಹರಡಿ ಬಹಳ ಜಾಗರೂಕತೆಯಿಂದ ಎಳೆದರು. ಕೊನೆಗೆ ನೋಡಿದರೆ ಹುಬ್ಬು ಏರಿತ್ತು, ಗಲ್ಲ ಗಟ್ಟಿಯಾಗಿತ್ತು. ಅಣ್ಣ ಅಂಗಡಿಯಲ್ಲಿ ತೂಗುವ ವೀರರ ಚಿತ್ರಗಳಲ್ಲಿ ಬಾವುಟ ಹಿಡಿದು ಗುಡ್ಡ ಹತ್ತುವ ಸಿಪಾಯಿ ಆಗಿಬಿಟ್ಟಿದ್ದ. ಮಾಸ್ತರು ಎರಡನೇ ಸಲ ಪ್ರಯತ್ನಿಸಿದರು. ಮತ್ತೆ ಅದೇ ಸಿಪಾಯಿ. ಅವರು ಕುಂಚ ತೊಳೆದು, "ಕೈ ಮಾತು ಕೇಳ್ತಿಲ್ಲ ಇಸಾಬುರೊ," ಎಂದು ಹೊರಟುಹೋದರು. ಆ ನಕಲನ್ನು ದೊಡ್ಡಮ್ಮ ಒಲೆಗೆ ಹಾಕಿದರು.

ಮಾರನೆಯ ದಿನವೆಲ್ಲ ಅವರು ಗೂಡಿನ ಮುಂದೆಯೇ ಕೂತಿದ್ದರು. ಸಂಜೆ ಚಿತ್ರವನ್ನು ತಾವೇ ತಂದು ದೊಡ್ಡಪ್ಪನ ಹಲಗೆಯ ಪಕ್ಕ ಇಟ್ಟರು.

"ನಿಮ್ಮ ಕೈ ಮಾತು ಕೇಳುತ್ತಾ?"

ದೊಡ್ಡಪ್ಪ ಕೈಯನ್ನು ತಿರುಗಿಸಿ ನೋಡಿಕೊಂಡರು. "ಕೇಳುತ್ತೆ," ಎಂದರು.

ಹತ್ತೊಂಬತ್ತು ದಿನ ಕೆತ್ತಿದರು. ಬೇರೆ ಕೆಲಸ ಮುಟ್ಟಲಿಲ್ಲ. ಮೊದಲು ಕೂದಲು, ಆಮೇಲೆ ಕಿವಿ, ಗಾಯದ ಗುರುತಿನ ಹುಬ್ಬು, ಕಣ್ಣು. ಮೂಗನ್ನು ಒಂದೇ ಉಸಿರಿನಲ್ಲಿ ಎಳೆದರು, ಹಳೆಯ ಹಾಗೆ. ಬಾಯಿಯನ್ನು ಕೊನೆಗೆ ಉಳಿಸಿಕೊಂಡರು. ಆ ಬೆಳಗ್ಗೆ ಮಳೆ ಬಿಟ್ಟಿತ್ತು. ನಾನು ಆ ಕಡೆ ಮೊರದಲ್ಲಿ ಬಾರ್ಲಿ ಆರಿಸುತ್ತಿದ್ದೆ. ಎರಡು ಉಸಿರಿನಲ್ಲಿ ಬಾಯಿ ಮುಗಿಯಿತು. ಚಾಕು ಎತ್ತುವಾಗ ಅವರ ಮಣಿಕಟ್ಟು ಒಂದಿಷ್ಟು ಒಳಕ್ಕೆ ತಿರುಗಿದ್ದನ್ನು ನಾನು ನೋಡಿದೆ. ನೋಡಿದ್ದು ಏನೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಆಗಲೇ ತಡವಾಗಿತ್ತು.

"ಆಯ್ತು," ಎಂದರು ದೊಡ್ಡಪ್ಪ. ಹಲಗೆಯ ಮೇಲೆ ಎಲ್ಲ ಮುಖವೂ ತಿರುಗಿಯೇ ಇರುವುದರಿಂದ ಅವರಿಗೂ ಏನೂ ಕಂಡಿರಲಿಕ್ಕಿಲ್ಲ.

ಗೊಹೇಯ ಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ಅವನು ಹಲಗೆಗೆ ಶಾಯಿ ಸವರಿ, ಒದ್ದೆ ಕಾಗದ ಹರಡಿ, ಬಿದಿರ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಬೆನ್ನು ತಿಕ್ಕಿದ. ಅವತ್ತು ಅವನು ಒಂದು ತಮಾಷೆಯನ್ನೂ ಮಾಡಲಿಲ್ಲ. ಕಾಗದ ಎತ್ತಿ ತಿರುಗಿಸಿದ.

ಅಣ್ಣನ ಹಣೆ. ಅಣ್ಣನ ಕಣ್ಣು. ಅದರ ಕೆಳಗೆ, ಮೂಲೆ ಮೇಲಕ್ಕೆ ಸಿಡಿದು ದಪ್ಪಗೆ ನಿಂತ, ಹಲ್ಲು ಕಿರಿಯುವ ಬಾಯಿ.

ದೊಡ್ಡಮ್ಮ ಮುಂದೆ ಬಾಗಿ ನೋಡಿದರು.

"ಇವನನ್ನ ನಾನು ಅಂಗಡಿ ಮುಂದೆ ನೋಡಿದೀನಿ," ಎಂದರು.

ಕೆತ್ತಿದ್ದು ತಪ್ಪಾದರೆ ಸರಿಪಡಿಸುವ ರೀತಿ ಇದೆ. ತಪ್ಪಿದಷ್ಟು ಜಾಗವನ್ನು ಅಗೆದು ತೆಗೆದು, ಅದೇ ಅಳತೆಯ ಹೊಸ ಮರದ ತುಂಡನ್ನು ಬಿಗಿಯಾಗಿ ಕೂರಿಸಿ, ಅದರ ಮೇಲೆ ಮತ್ತೆ ಕೆತ್ತುತ್ತಾರೆ. ದೊಡ್ಡಪ್ಪ ಹಾಗೇ ಮಾಡಿದರು. ಆದರೆ ಹೊಸ ತುಂಡಿನ ಮೇಲೆ ಅನುಸರಿಸಲು ಗೆರೆ ಇರಲಿಲ್ಲ. ಕಾಗದ ಹುಡಿಯಾಗಿ ಗುಡಿಸಿಹೋಗಿತ್ತು.

"ಅವನ ಬಾಯಿ ಹೇಗಿತ್ತು?" ಎಂದು ನಮ್ಮನ್ನು ಕೇಳಿದರು.

ದೊಡ್ಡಮ್ಮ ಹೇಳಿದ್ದು ಆರು ವರ್ಷದ ಹುಡುಗನ ಬಾಯಿ, ಮುಂದಿನ ಹಲ್ಲು ಬಿದ್ದದ್ದು. ನಾನು ಕೆಳತುಟಿ ಎಡಗಡೆಗೆ ಎಂದೆ. ಗೊಹೇ ಬಲಗಡೆಗೆ ಎಂದ. ಕೊನೆಗೆ ದೊಡ್ಡಮ್ಮ, "ಅವನದು ನಿಮ್ಮ ಬಾಯಿ ಅಂತ ನಿಮ್ಮಮ್ಮ ಯಾವಾಗ್ಲೂ ಹೇಳ್ತಿದ್ರು," ಎಂದರು. ದೊಡ್ಡಪ್ಪ ದೊಡ್ಡಮ್ಮನ ಕೈಗನ್ನಡಿ ತರಿಸಿ, ಎದುರಿಗೆ ನಿಲ್ಲಿಸಿ, ತಮ್ಮ ಬಾಯಿ ನೋಡಿಕೊಂಡು ಎರಡು ದಿನ ಕೆತ್ತಿದರು. ಒತ್ತಿ ನೋಡಿದಾಗ ಇಪ್ಪತ್ತೆರಡು ವರ್ಷದ ಕಣ್ಣುಗಳ ಕೆಳಗೆ ಐವತ್ತಮೂರು ವರ್ಷದ ಬಾಯಿ ಇತ್ತು, ಒಳಕ್ಕೆ ಕುಸಿದದ್ದು.

"ಅವನು ಅಷ್ಟು ದಿನ ಇರಲಿಲ್ಲ," ಎಂದರು ದೊಡ್ಡಮ್ಮ.

ಇನ್ನೊಂದು ತುಂಡು ಕೂರಿಸಬಹುದಿತ್ತು, ಒಂದೇ ಒಂದು. ಅದಕ್ಕಿಂತ ಹೆಚ್ಚು ಅಗೆದರೆ ಮೂಗು ಹೋಗುತ್ತಿತ್ತು. ಎರಡನೆಯ ತುಂಡನ್ನು ಕೂರಿಸಿ ದೊಡ್ಡಪ್ಪ ಒಂಬತ್ತು ದಿನ ಅದರ ಮುಂದೆ ಕೂತರು. ಆಮೇಲೆ ತುಟಿ ಸೇರುವಲ್ಲಿ ಒಂದು ಸಣ್ಣ ಗೆರೆ ಎಳೆದು ನಿಲ್ಲಿಸಿದರು. ಮೂಲೆಗಳನ್ನು ಕೆತ್ತಲೇ ಇಲ್ಲ. ಗೆರೆ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗದ ಹಾಗೆ ತುದಿಗಳನ್ನು ಮರದಲ್ಲೇ ಇಳಿಸಿಬಿಟ್ಟರು.

"ಶಾಯಿ ಹಚ್ಚಿದ್ರೆ ಇದು ಬಾಯಿ ಹೊಲಿದ ಹಾಗೆ ಕಾಣುತ್ತೆ," ಎಂದು ಅವರೇ ಹೇಳಿದರು.

ಗೊಹೇ ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಶಾಯಿ ಬೇಡ, ಇಸಾಣ್ಣ. ಹಿಮಕ್ಕೆ ಮಾಡ್ತೀವಲ್ಲ, ಬಿಳೀ ಬಟ್ಟೆ ಹೂವಿಗೆ ಮಾಡ್ತೀವಲ್ಲ, ಹಾಗೆ ಒತ್ತಿಬಿಡೋಣ. ಬರೀ ಒತ್ತು."

ದಪ್ಪ ಕಾಗದ ತಂದು ನೆನೆಸಿ, ಶಾಯಿ ಹಚ್ಚದ ಹಲಗೆಯ ಮೇಲೆ ಹರಡಿ, ಅವನು ಮೊಣಕೈ ಊರಿ ಮೈಭಾರವನ್ನೆಲ್ಲ ಬಿಟ್ಟು ತಿಕ್ಕಿದ. ಎತ್ತಿದಾಗ ಅದು ಬಿಳಿ ಕಾಗದ. ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದಾಗ ಗೆರೆಗಳ ತಗ್ಗಿನಲ್ಲಿ ನೆರಳು ತುಂಬಿತು, ಮುಖ ಎದ್ದಿತು. ಬಾಯಿಯ ಮೂಲೆಗಳಲ್ಲೂ ಸ್ವಲ್ಪ ನೆರಳು ನಿಂತಿತು. ಒಂದಿಷ್ಟು ಆಚೆ ಓರೆ ಮಾಡಿದರೆ ಯಾರೋ ಬೇರೆಯವನು, ಈಚೆ ಮಾಡಿದರೆ ಏನೂ ಇಲ್ಲ. ದೊಡ್ಡಮ್ಮ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು ಹೀಗೆ ಹಾಗೆ ತಿರುಗಿಸುತ್ತ ನಿಂತರು. ಎಷ್ಟೋ ಹೊತ್ತಿಗೆ ಅವರ ಕೈ ಒಂದು ಕಡೆ ನಿಂತಿತು.

"ಇಲ್ಲಿ ಇದಾನೆ," ಎಂದರು.

ಈಗ ಅದು ಗೂಡಿನಲ್ಲಿ ಇದೆ, ಅದೇ ಓರೆಯಲ್ಲಿ, ಹಿಂದೆ ಒಂದು ಮರದ ಚೂರಿನ ಆಸರೆ ಕೊಟ್ಟು. ಧೂಳು ಒರೆಸುವಾಗ ನಾನು ಅದನ್ನು ಮುಟ್ಟುವುದಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಒಳಗೆ ಬಂದಾಗ ಅನ್ನ ಆರುವಷ್ಟು ಹೊತ್ತು ಅವನು ಕಾಣುತ್ತಾನೆ. ಮಳೆಯ ತಿಂಗಳಲ್ಲಿ ಕಾಣುವುದಿಲ್ಲ.

ಯುದ್ಧ ಮುಗಿದು ಎರಡು ವರ್ಷವಾಯಿತು. ನಗೆಚಿತ್ರಗಳನ್ನು ಈಗ ಯಾರೂ ಕೊಳ್ಳುವುದಿಲ್ಲ. ಅಂಗಡಿಯವರು ಆ ಹಲಗೆಗಳನ್ನು ಹೆರೆದು ಬೇರೆ ಕೆಲಸಕ್ಕೆ ಬಳಸಿದರು. ಬಂಜಿ ಒಂದು ಸಲ ನಟನೊಬ್ಬನ ಮುಖ ತಂದಿದ್ದ. ದೊಡ್ಡಪ್ಪ ಅದನ್ನು ಮಡಿಸಿದ ಹಾಗೆಯೇ ವಾಪಸ್ ಕೊಟ್ಟರು. ಅವರು ಈಗ ಸಿಹಿ ಅಂಗಡಿಗಳ ಹೊದಿಕೆ ಕಾಗದಕ್ಕೆ ಎಲೆ ಕೆತ್ತುತ್ತಾರೆ, ಅಲೆ ಕೆತ್ತುತ್ತಾರೆ, ಬೇಲಿ ಕೆತ್ತುತ್ತಾರೆ. ಎಲ್ಲವನ್ನೂ ಹಿಂದಿನಷ್ಟೇ ಸೂಕ್ಷ್ಮವಾಗಿ ಕೆತ್ತುತ್ತಾರೆ. ಕೂರುವುದು ಮಾತ್ರ ಕಿಟಕಿಯ ಪಕ್ಕದ ತಮ್ಮ ಚಾಪೆಯಲ್ಲಲ್ಲ, ಅಣ್ಣನ ಚಾಪೆಯಲ್ಲಿ. ಅಲ್ಲಿಂದ ಗೂಡಿನ ಕಡೆ ನೋಡಿದರೆ ಬಿಳಿ ಕಾಗದ ಮಾತ್ರ ಕಾಣುತ್ತದೆ. ನಾನು ಕೂತು ನೋಡಿದ್ದೇನೆ.

ಬಿಸಿಲಿರುವ ಬೆಳಗ್ಗೆ ದೊಡ್ಡಮ್ಮ ಅನ್ನದ ಬಟ್ಟಲನ್ನು ಗೂಡಿನ ಮುಂದೆ ಇಟ್ಟು ಕರೆಯುತ್ತಾರೆ.

"ಬನ್ನಿ, ಬಿಸಿಲು ಬಂತು."

"ಇರು, ಈ ಎಲೆ ಅಂಚು ಮುಗೀಲಿ," ಎನ್ನುತ್ತಾರೆ ದೊಡ್ಡಪ್ಪ.

ಅಂಚು ಮುಗಿಯುವ ಹೊತ್ತಿಗೆ ಬಿಸಿಲು ಗೂಡನ್ನು ದಾಟಿ ಗೋಡೆಗೆ ಹೋಗಿರುತ್ತದೆ. ದೊಡ್ಡಮ್ಮ ಎರಡನೇ ಸಲ ಕರೆಯುವುದಿಲ್ಲ.